ಸ್ಪ್ರಿಂಗಿನ ಜಮಾ-ಖರ್ಚು ಬರೆದ ರಾಬರ್ಟ್ ಹುಕ್



ಪಠ್ಯಪುಸ್ತಕದಲ್ಲಿ ಕೆಲವು ಮಹನೀಯರ ಹೆಸರು ಎರಡೇ ಸಾಲಿಗೆ ಮುಗಿದುಹೋಗುತ್ತದೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಅಂಥವರಲ್ಲಿ ಒಬ್ಬ. ಹನ್ನೊಂದನೆಯ ತರಗತಿಯ ಭೌತಶಾಸ್ತ್ರದಲ್ಲಿ ಹುಕ್‌ನ ನಿಯಮ ಎಂಬ ಶೀರ್ಷಿಕೆ ಬರುತ್ತದೆ. ಸ್ಪ್ರಿಂಗನ್ನು ಎಷ್ಟು ಹಿಗ್ಗಿಸುತ್ತೇವೆಯೋ ಅದಕ್ಕೆ ತಕ್ಕಷ್ಟೇ ಬಲ ಅದರಲ್ಲಿ ಹುಟ್ಟುತ್ತದೆ ಎಂದು ನೀವು ಬಾಯಿಪಾಠ ಮಾಡುತ್ತೀರಿ, ಪರೀಕ್ಷೆಯಲ್ಲಿ ಬರೆಯುತ್ತೀರಿ, ಅಂಕ ಬರುತ್ತದೆ. ಅಲ್ಲಿಗೆ ಹುಕ್‌ನ ಜೊತೆ ನಮ್ಮ ಸಂಬಂಧ ಮುಗಿಯಿತು.

ಆದರೆ ಆ ಎರಡು ಸಾಲುಗಳ ಹಿಂದೆ 67 ವರ್ಷಗಳ ಒಂದು ಬಾಳು ಇದೆ. ತಂದೆಯಿಲ್ಲದ ಹುಡುಗನೊಬ್ಬ ವಿದ್ಯೆಯ ಬಲದಿಂದ ಮೇಲೆ ಬಂದ ಕಥೆ ಅದು. ಕೈಯಲ್ಲಿದ್ದ ಜ್ಞಾನವನ್ನು ಬಹುಕಾಲ ಮುಚ್ಚಿಟ್ಟುಕೊಂಡದ್ದರಿಂದ ಆದ ನಷ್ಟದ ಕಥೆಯೂ ಹೌದು. ಅದನ್ನು ತಿಳಿಯುವ ಮೊದಲು ಒಂದು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಗೋಡೆಯ ಮೊಳೆಗೆ ಒಂದು ಸ್ಪ್ರಿಂಗ್ ನೇತುಹಾಕಿ, ತುದಿಗೆ ತೂಕ ಕಟ್ಟಿ, ಸ್ವಲ್ಪ ಕೆಳಗೆ ಎಳೆದು ಬಿಟ್ಟರೆ ಅದು ಮೇಲೆ ಕೆಳಗೆ ಆಡತೊಡಗುತ್ತದೆ. ಬಿಟ್ಟ ತೂಕ ಮತ್ತೆ ಮತ್ತೆ ಏಕೆ ಹಿಂದಿರುಗಿ ಬರುತ್ತದೆ? ಕೊನೆಗೆ ಏಕೆ ನಿಂತುಹೋಗುತ್ತದೆ? ಈ ಎರಡು ಪ್ರಶ್ನೆಗಳ ನಡುವೆಯೇ ಹುಕ್‌ನ ಕೆಲಸವಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ರಾಬರ್ಟ್ ಹುಕ್ ಹುಟ್ಟಿದ್ದು 1635ರ ಜುಲೈ 18ರಂದು, ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಹತ್ತಿರದ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಊರಿನಲ್ಲಿ. ತಂದೆ ಜಾನ್ ಹುಕ್ ಆ ಊರಿನ ಚರ್ಚಿನಲ್ಲಿ ಪಾದ್ರಿ. ಮಗುವಿಗೆ ಆರೋಗ್ಯ ಸರಿಯಿರಲಿಲ್ಲ. ಮನೆಯಲ್ಲಿಯೇ ಪಾಠ, ಮನೆಯಲ್ಲಿಯೇ ಆಟ. ಒಮ್ಮೆ ಯಾರೋ ಹಳೆಯ ಹಿತ್ತಾಳೆ ಗಡಿಯಾರವನ್ನು ಬಿಚ್ಚುವುದನ್ನು ನೋಡಿದ ಹುಡುಗ, ಅದೇ ಮಾದರಿಯಲ್ಲಿ ಮರದ ಗಡಿಯಾರ ಮಾಡಿದ. ಅದು ಓಡಿತು ಕೂಡ. ಯಂತ್ರಗಳ ಒಳಗನ್ನು ನೋಡುವ ಹಸಿವು ಅಂದಿನಿಂದಲೇ ಅವನಿಗೆ ಅಂಟಿಕೊಂಡಿತು.

1648ರಲ್ಲಿ ತಂದೆ ತೀರಿಕೊಂಡಾಗ ಅವನಿಗೆ 13 ವರ್ಷ. ತಂದೆ ಮಗನಿಗೆಂದು ಬಿಟ್ಟುಹೋದದ್ದು 40 ಪೌಂಡ್ ಹಣ. ಅದನ್ನು ಹಿಡಿದು ಹುಡುಗ ಲಂಡನ್ನಿಗೆ ಬಂದ. ಚಿತ್ರ ಬರೆಯುವ ಕೈ ಚೆನ್ನಾಗಿದ್ದುದರಿಂದ ಪೀಟರ್ ಲೀಲಿ ಎಂಬ ಹೆಸರಾಂತ ಚಿತ್ರಕಾರನ ಬಳಿ ಕೆಲಸ ಕಲಿಯಲು ಸೇರಿದ. ಬಣ್ಣಗಳ ವಾಸನೆಗೆ ತಲೆನೋವು ಬರುತ್ತಿತ್ತು. ಹೆಚ್ಚು ದಿನ ಅಲ್ಲಿ ಉಳಿಯಲಿಲ್ಲ.

ಆಗ ಅವನ ಕೈಹಿಡಿದದ್ದು ಒಬ್ಬ ಶಿಕ್ಷಕ. ವೆಸ್ಟ್‌ಮಿನ್‌ಸ್ಟರ್ ಶಾಲೆಯ ಮುಖ್ಯೋಪಾಧ್ಯಾಯ ರಿಚರ್ಡ್ ಬಸ್ಬಿ ಆ ಹುಡುಗನನ್ನು ಶಾಲೆಗೆ ಸೇರಿಸಿಕೊಂಡ. ಯೂಕ್ಲಿಡನ ರೇಖಾಗಣಿತದ ಮೊದಲ ಆರು ಭಾಗಗಳನ್ನು ಹುಕ್ ಒಂದೇ ವಾರದಲ್ಲಿ ಕಲಿತುಬಿಟ್ಟನೆಂದು ಅವನನ್ನು ಬಲ್ಲವರು ಬರೆದಿಟ್ಟಿದ್ದಾರೆ. ಹದಿನಾರರ ಸುಮಾರಿಗೆ ಅವನ ಬೆನ್ನು ಬಾಗತೊಡಗಿತು. ಆ ಬಾಗು ಕೊನೆಯವರೆಗೂ ಹೋಗಲಿಲ್ಲ. ಆದರೆ ಓದು ನಿಲ್ಲಲಿಲ್ಲ. ಶಿಕ್ಷಕ ಮಿತ್ರರೇ, ಬಸ್ಬಿ ಅಂದು ಆ ಬಡಕಲು ಹುಡುಗನನ್ನು ಗುರುತಿಸದೇ ಹೋಗಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ.

1653ರಲ್ಲಿ ಹುಕ್ ಆಕ್ಸ್‌ಫರ್ಡಿಗೆ ಹೋದ. ಕೈಯಲ್ಲಿ ಹಣವಿಲ್ಲದ್ದರಿಂದ ಅಲ್ಲಿ ಬೇರೆಯವರ ಕೆಲಸ ಮಾಡಿಕೊಂಡು ಓದಬೇಕಾಯಿತು. ಕೆಲವು ವರ್ಷಗಳಲ್ಲಿ ಶ್ರೀಮಂತ ವಿಜ್ಞಾನಿ ರಾಬರ್ಟ್ ಬಾಯ್ಲ್‌ನ ಸಹಾಯಕನಾದ. ಪಾತ್ರೆಯಿಂದ ಗಾಳಿಯನ್ನು ಹೊರತೆಗೆಯುವ ಪಂಪನ್ನು ಬಾಯ್ಲ್‌ಗಾಗಿ ಸಿದ್ಧಪಡಿಸಿಕೊಟ್ಟವನು ಹುಕ್. ಗಾಳಿಯನ್ನು ಒತ್ತಿದರೆ ಅದೂ ಸ್ಪ್ರಿಂಗಿನಂತೆ ಮರಳಿ ಒತ್ತುತ್ತದೆ ಎಂಬುದನ್ನು ಅವನು ಕಣ್ಣಾರೆ ಕಂಡದ್ದು ಅಲ್ಲಿಯೇ. 1662ರಲ್ಲಿ ಪ್ರಕಟವಾದ ಬಾಯ್ಲ್‌ನ ನಿಯಮವನ್ನು ನೀವು ಓದಿದ್ದೀರಿ. ಅದರ ಪ್ರಯೋಗಗಳ ಹಿಂದೆ ಈ ಸಹಾಯಕನ ಕೈಯಿತ್ತು.

ಪ್ರಯೋಗಗಳ ಉಸ್ತುವಾರಿ

1660ರಲ್ಲಿ ಲಂಡನ್ನಿನಲ್ಲಿ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘ ಆರಂಭವಾಯಿತು. 1662ರ ನವೆಂಬರಿನಲ್ಲಿ ಹುಕ್‌ನನ್ನು ಅದರ ಪ್ರಯೋಗಗಳ ಉಸ್ತುವಾರಿಗೆ ನೇಮಿಸಿದರು. ಪ್ರತಿ ಸಭೆಗೂ ಮೂರು ನಾಲ್ಕು ಹೊಸ ಪ್ರಯೋಗಗಳನ್ನು ಸಿದ್ಧಮಾಡಿ ತೋರಿಸುವುದು ಅವನ ಕೆಲಸ. ಒಂದು ವಾರ ದೂರದರ್ಶಕ, ಮತ್ತೊಂದು ವಾರ ಲೋಲಕ, ಇನ್ನೊಂದು ವಾರ ಹವಾಮಾನದ ಉಪಕರಣ. ಒಂದು ವಿಷಯ ಪೂರ್ಣವಾಗುವ ಮೊದಲೇ ಮುಂದಿನದು ಕಾದಿರುತ್ತಿತ್ತು.

1665ರಲ್ಲಿ ಅವನ ಮೈಕ್ರೋಗ್ರಾಫಿಯಾ ಎಂಬ ಗ್ರಂಥ ಹೊರಬಂದಿತು. ಸೂಕ್ಷ್ಮದರ್ಶಕದಲ್ಲಿ ಕಂಡ ಚಿಗಟ, ಹೇನು, ನೊಣದ ಕಣ್ಣು ಇವುಗಳ ದೊಡ್ಡ ದೊಡ್ಡ ಚಿತ್ರಗಳು ಅದರಲ್ಲಿವೆ. ಬಿರಡೆಯ ತೆಳು ಹೋಳಿನಲ್ಲಿ ಕಂಡ ಪುಟ್ಟ ಕೋಣೆಗಳಿಗೆ ಅವನು ಕೊಟ್ಟ ಹೆಸರೇ ಇಂದು ಜೀವಶಾಸ್ತ್ರದಲ್ಲಿ ಸೆಲ್ ಎಂದು ಉಳಿದಿದೆ. ಅದೇ ಪುಸ್ತಕದಲ್ಲಿ ಶಾಖದ ಬಗ್ಗೆಯೂ ಒಂದು ಮಾತಿದೆ. ವಸ್ತುವಿನ ಕಣಗಳು ಚುರುಕಾಗಿ ಅಲುಗಾಡುವುದೇ ಶಾಖವೆಂದು ಹುಕ್ ಅಭಿಪ್ರಾಯಪಟ್ಟಿದ್ದ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

1666ರ ಸೆಪ್ಟೆಂಬರಿನ ಬೆಂಕಿಗೆ ಲಂಡನ್ನಿನ 13,000ಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ನಗರವನ್ನು ಮತ್ತೆ ಕಟ್ಟಲು ನಿವೇಶನಗಳ ಗಡಿ ಅಳೆಯುವ ಹೊಣೆ ಹೊತ್ತವರಲ್ಲಿ ಹುಕ್ ಪ್ರಮುಖ. ಹಗಲು ಬೀದಿಗಳಲ್ಲಿ ಅಳತೆ, ಸಂಜೆ ಸೊಸೈಟಿಯ ಸಭೆ, ರಾತ್ರಿ ಓದು. ಇಷ್ಟೆಲ್ಲ ಕೆಲಸಗಳ ನಡುವೆ ಅವನ ತಲೆಯಲ್ಲಿ ಸ್ಪ್ರಿಂಗ್ ಕುಳಿತಿತ್ತು.

ಸ್ಪ್ರಿಂಗ್ ಏಕೆ ಬೇಕಾಯಿತು?

ಆ ಕಾಲದ ಹಡಗುಗಳಿಗೆ ದೊಡ್ಡ ಕಷ್ಟವೊಂದಿತ್ತು. ನಡು ಸಮುದ್ರದಲ್ಲಿ ತಾವು ಪೂರ್ವ-ಪಶ್ಚಿಮವಾಗಿ ಎಲ್ಲಿದ್ದೇವೆ, ಅಂದರೆ ಯಾವ ರೇಖಾಂಶದಲ್ಲಿದ್ದೇವೆ ಎಂದು ನಾವಿಕರಿಗೆ ತಿಳಿಯುತ್ತಿರಲಿಲ್ಲ. ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ, ಎಂದರೆ 4 ನಿಮಿಷಕ್ಕೆ 1 ಡಿಗ್ರಿ. ಹೊರಟ ಬಂದರಿನ ಸಮಯ ತೋರಿಸುವ ಗಡಿಯಾರ ಜೊತೆಗಿದ್ದರೆ, ಹಡಗಿನ ಮೇಲಿನ ಮಧ್ಯಾಹ್ನಕ್ಕೂ ಅದಕ್ಕೂ ಇರುವ ವ್ಯತ್ಯಾಸದಿಂದ ರೇಖಾಂಶ ಸಿಗುತ್ತದೆ. ಆದರೆ ಗಡಿಯಾರ 4 ನಿಮಿಷ ತಪ್ಪಿದರೆ ಭೂಮಧ್ಯರೇಖೆಯ ಬಳಿ ಸುಮಾರು 111 ಕಿಲೋಮೀಟರ್ ತಪ್ಪುತ್ತದೆ. ಇಂಥ ತಪ್ಪಿನಿಂದ ಹಡಗುಗಳು ಬಂಡೆಗೆ ಬಡಿದು ಒಡೆಯುತ್ತಿದ್ದವು, ಜನ ಸಾಯುತ್ತಿದ್ದರು. ಲೋಲಕದ ಗಡಿಯಾರ ತೂಗಾಡುವ ಹಡಗಿನಲ್ಲಿ ನಡೆಯುವುದಿಲ್ಲ. ಅಂದಿನ ಕಿಸೆ ಗಡಿಯಾರಗಳಂತೂ ಇಷ್ಟು ನಿಖರವಾಗಿರಲೇ ಇಲ್ಲ.

ಗಡಿಯಾರದ ತೂಗುಚಕ್ರಕ್ಕೆ ಒಂದು ಸ್ಪ್ರಿಂಗ್ ಜೋಡಿಸಿದರೆ ಅದು ಸಮನಾಗಿ ಆಡುತ್ತದೆ ಎಂದು ಹುಕ್ 1660ರ ಸುಮಾರಿಗೇ ಯೋಚಿಸಿದ್ದ. ಬಾಯ್ಲ್ ಮತ್ತು ಇತರ ಗಣ್ಯರು ಇದಕ್ಕೆ ಸರ್ಕಾರದ ಹಕ್ಕುಪತ್ರ ಪಡೆಯಲು ಒಂದು ಕರಾರು ಸಿದ್ಧಪಡಿಸಿದರು. ಅದರಲ್ಲೊಂದು ಷರತ್ತಿತ್ತು. ಮುಂದೆ ಯಾರಾದರೂ ಇದನ್ನು ಸುಧಾರಿಸಿದರೆ ಲಾಭ ಅವರಿಗೆ ಹೋಗುತ್ತದೆ. ಹುಕ್ ಇದಕ್ಕೆ ಒಪ್ಪಲಿಲ್ಲ. ಕರಾರು ಮುರಿಯಿತು. ಉಪಾಯವನ್ನು ಅವನು ತನ್ನಲ್ಲಿಯೇ ಇಟ್ಟುಕೊಂಡ.

ವರ್ಷಗಳು ಕಳೆದವು. 1675ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ ಸುರುಳಿ ಸ್ಪ್ರಿಂಗಿನ ಗಡಿಯಾರವನ್ನು ಪ್ಯಾರಿಸ್ಸಿನ ಪತ್ರಿಕೆಯಲ್ಲಿ ಪ್ರಕಟಿಸಿದ. ಹುಕ್ ಕೆರಳಿದ. ತನ್ನ ಗುಟ್ಟನ್ನು ಸೊಸೈಟಿಯ ಕಾರ್ಯದರ್ಶಿ ಓಲ್ಡನ್‌ಬರ್ಗ್ ಹೊರಗೆ ಬಿಟ್ಟನೆಂದು ಆರೋಪಿಸಿದ. ಥಾಮಸ್ ಟಾಂಪಿಯನ್ ಎಂಬ ಕುಶಲ ಗಡಿಯಾರ ತಯಾರಕನಿಂದ ತನ್ನ ಮಾದರಿಯ ಗಡಿಯಾರ ಮಾಡಿಸಿ ದೊರೆಗೆ ಕೊಡಿಸಿದ. ಆದರೂ ಮೊದಲು ಪ್ರಕಟಿಸಿದ ಕೀರ್ತಿ ಹೈಗನ್ಸ್‌ಗೇ ಹೋಯಿತು.

ಇಷ್ಟಾದರೂ ಮುಚ್ಚಿಡುವ ಅಭ್ಯಾಸ ಹೋಗಲಿಲ್ಲ. 1676ರಲ್ಲಿ ಪ್ರಕಟಿಸಿದ ಒಂದು ಪುಸ್ತಕದಲ್ಲಿ ಹುಕ್ ತನ್ನ ಸ್ಪ್ರಿಂಗ್ ನಿಯಮವನ್ನು ಒಂದು ಒಗಟಾಗಿ ಅಚ್ಚುಹಾಕಿಸಿದ. ಲ್ಯಾಟಿನ್ ವಾಕ್ಯವೊಂದರ 14 ಅಕ್ಷರಗಳನ್ನು ಕಲಸಿ, ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿಟ್ಟ. ನಿಯಮ ತನ್ನದೆಂಬುದಕ್ಕೆ ಸಾಕ್ಷಿ ಇರಬೇಕು, ಆದರೆ ಯಾರಿಗೂ ಅರ್ಥವಾಗಬಾರದು. ಎರಡು ವರ್ಷಗಳ ನಂತರ, 1678ರಲ್ಲಿ, ಸ್ಪ್ರಿಂಗಿನ ಮೇಲಿನ ತನ್ನ ಉಪನ್ಯಾಸವನ್ನು ಅಚ್ಚುಹಾಕಿಸಿದಾಗ ಒಗಟನ್ನು ಬಿಡಿಸಿದ. ಎಷ್ಟು ಹಿಗ್ಗೋ ಅಷ್ಟು ಬಲ ಎಂಬುದೇ ಅದರ ಸಾರಾಂಶ.

ಶಕ್ತಿಯ ಲೆಕ್ಕ

ಆ ಉಪನ್ಯಾಸದಲ್ಲಿ ಹುಕ್ ತಂತಿಯ ಸುರುಳಿಗೆ ತಟ್ಟೆ ಕಟ್ಟಿ ತೂಕ ಹಾಕಿದ್ದನ್ನು ವಿವರಿಸುತ್ತಾನೆ. 20, 30, 40 ಅಡಿ ಉದ್ದದ ತಂತಿಯನ್ನು ಮೊಳೆಗೆ ಕಟ್ಟಿ ಇಳಿಬಿಟ್ಟು, ಅದಕ್ಕೂ ತೂಕ ಹಾಕಿ ಹಿಗ್ಗನ್ನು ಅಳೆಯುವ ಬಗೆಯನ್ನು ಹೇಳುತ್ತಾನೆ. ನಮ್ಮ ಪಠ್ಯಪುಸ್ತಕ ಇಷ್ಟಕ್ಕೇ ನಿಲ್ಲುತ್ತದೆ. ಹುಕ್ ನಿಲ್ಲಲಿಲ್ಲ. ಹಿಗ್ಗಿಸುತ್ತಾ ಹೋದಾಗ ಪ್ರತಿ ಹಂತದ ಬಲವನ್ನೂ ಕೂಡಿಸುತ್ತಾ ಹೋದರೆ ಒಟ್ಟು ಎಷ್ಟಾಗುತ್ತದೆ ಎಂದು ಅವನು ಕೇಳಿದ. ಆ ಮೊತ್ತ ಹಿಗ್ಗಿನ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂದು ಕಂಡುಕೊಂಡ. ಹಿಗ್ಗು ಎರಡರಷ್ಟಾದರೆ ಮೊತ್ತ ನಾಲ್ಕರಷ್ಟು. ಆಡುವ ವೇಗ ಈ ಮೊತ್ತದ ವರ್ಗಮೂಲದಂತೆ ಇರುತ್ತದೆ. ಆದ್ದರಿಂದ ದೊಡ್ಡ ಆಟಕ್ಕೂ ಸಣ್ಣ ಆಟಕ್ಕೂ ಒಂದೇ ಸಮಯ ಸಾಕು. ಗಡಿಯಾರಕ್ಕೆ ಬೇಕಾದದ್ದು ಇದೇ ಗುಣ.

ಇಂದು ಆ ಮೊತ್ತವನ್ನು ನಾವು ಶಕ್ತಿ ಎನ್ನುತ್ತೇವೆ. ಹುಕ್‌ನ ಕಾಲದಲ್ಲಿ ಭೌತಶಾಸ್ತ್ರಕ್ಕೆ ಆ ಪದ ಸಿಕ್ಕಿರಲಿಲ್ಲ. ಅದನ್ನು ಈ ಅರ್ಥದಲ್ಲಿ ಥಾಮಸ್ ಯಂಗ್ ಬಳಸಿದ್ದು 1807ರ ತನ್ನ ಗ್ರಂಥದಲ್ಲಿ.

ಒಂದು ಲೆಕ್ಕ ಮಾಡೋಣ. 1 ಮೀಟರ್ ಹಿಗ್ಗಿಸಲು 20 ನ್ಯೂಟನ್ ಬಲ ಬೇಕಾಗುವ ಸ್ಪ್ರಿಂಗ್ ಇದೆ ಎನ್ನಿ. ಅದಕ್ಕೆ ಅರ್ಧ ಕಿಲೋ ತೂಕ ಕಟ್ಟಿ. ತೂಕ ತಾನಾಗಿ ನಿಂತ ಜಾಗವನ್ನು ಸೊನ್ನೆ ಎಂದು ಗುರುತಿಸಿ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಎಳೆಯಿರಿ. ನಿಮ್ಮ ಕೈ ಹಾಕಬೇಕಾದ ಬಲ ಸೊನ್ನೆಯಿಂದ 2 ನ್ಯೂಟನ್‌ವರೆಗೆ ಏರುತ್ತದೆ, ಸರಾಸರಿ 1 ನ್ಯೂಟನ್. ಅದನ್ನು 0.1 ಮೀಟರಿನಿಂದ ಗುಣಿಸಿದರೆ 0.1 ಜೂಲ್. ಇದು ನೀವು ಜಮೆ ಮಾಡಿದ ಶಕ್ತಿ. ಇದಕ್ಕೆ ಪ್ರಚ್ಛನ್ನ ಶಕ್ತಿ ಎಂದು ಹೆಸರು.

ಕೈ ಬಿಟ್ಟ ಕೂಡಲೇ ಈ ಜಮೆ ಚಲನ ಶಕ್ತಿಯಾಗಿ ಬದಲಾಗತೊಡಗುತ್ತದೆ. ತೂಕ 5 ಸೆಂಟಿಮೀಟರಿನ ಗುರುತಿಗೆ ಬಂದಾಗ ಪ್ರಚ್ಛನ್ನ ಶಕ್ತಿ ಅರ್ಧವಾಗಿರುತ್ತದೆಂದು ನೀವು ಊಹಿಸಬಹುದು. ಹಾಗಲ್ಲ. ವರ್ಗದ ಲೆಕ್ಕವಾದ್ದರಿಂದ ಉಳಿದಿರುವುದು ಕಾಲು ಭಾಗ, 0.025 ಜೂಲ್. ಮಿಕ್ಕ 0.075 ಜೂಲ್ ಆಗಲೇ ಚಲನೆಯಾಗಿದೆ. ಸೊನ್ನೆಯ ಗುರುತಿನಲ್ಲಿ ಎಲ್ಲವೂ ಚಲನೆ. ಆಗ ವೇಗ ಸೆಕೆಂಡಿಗೆ ಸುಮಾರು 63 ಸೆಂಟಿಮೀಟರ್. ಆ ವೇಗದಲ್ಲಿ ಬಂದ ತೂಕ ಸೊನ್ನೆಯಲ್ಲಿ ನಿಲ್ಲಲಾರದು. ಮೇಲಕ್ಕೆ ದಾಟಿ ಹೋಗುತ್ತದೆ, ಚಲನೆ ಮತ್ತೆ ಪ್ರಚ್ಛನ್ನ ಶಕ್ತಿಯಾಗುತ್ತದೆ. ಒಮ್ಮೆ ಹೋಗಿ ಬರಲು ಸುಮಾರು 1 ಸೆಕೆಂಡ್. ಮೊದಲ ಪ್ರಶ್ನೆಗೆ ಉತ್ತರ ಇದು. ಒಂದು ಖಾತೆಯಿಂದ ಇನ್ನೊಂದಕ್ಕೆ ಶಕ್ತಿಯ ವರ್ಗಾವಣೆ ನಡೆಯುತ್ತಿರುವುದರಿಂದಲೇ ಆಂದೋಲನ ನಡೆಯುತ್ತದೆ.

ನಿಲ್ಲುವುದೇಕೆ?

ವರ್ಗಾವಣೆ ಪೂರ್ತಿ ನಡೆದರೆ ತೂಕ ಎಂದೆಂದಿಗೂ ಆಡುತ್ತಿರಬೇಕು. ಆದರೆ ಪ್ರತಿ ಸಲವೂ ಸ್ವಲ್ಪ ಸೋರುತ್ತದೆ. ತೂಕ ಗಾಳಿಯನ್ನು ತಳ್ಳಬೇಕು. ಸ್ಪ್ರಿಂಗಿನ ಲೋಹ ಬಾಗಿ ನೇರವಾಗುವಾಗ ಅದರೊಳಗೇ ತಿಕ್ಕಾಟವಾಗುತ್ತದೆ. ಮೊಳೆ, ಗೋಡೆಗಳೂ ಕೊಂಚ ನಡುಗುತ್ತವೆ. ಗಾಳಿಯನ್ನು ಪೂರ್ತಿ ತೆಗೆದರೂ ಲೋಹದೊಳಗಿನ ತಿಕ್ಕಾಟ ಉಳಿಯುವುದರಿಂದ, ಆಟ ಹೆಚ್ಚು ಹೊತ್ತು ನಡೆದರೂ ಒಮ್ಮೆ ನಿಲ್ಲಲೇಬೇಕು. ಹೀಗೆ ಆಂದೋಲನ ಕುಗ್ಗುವುದನ್ನು ಅವಮಂದನ ಎನ್ನುತ್ತಾರೆ.

ನಮ್ಮ ಸ್ಪ್ರಿಂಗಿನ ಪಾರ, ಅಂದರೆ ಸೊನ್ನೆಯಿಂದ ಅದು ಹೋಗುವ ದೂರ, ಪ್ರತಿ ಆಟದಲ್ಲೂ ಹತ್ತನೆಯ ಒಂದು ಭಾಗ ಕಡಿಮೆಯಾಗುತ್ತದೆ ಎನ್ನಿ. 10 ಇದ್ದದ್ದು 9, ಆಮೇಲೆ 8.1, ಆಮೇಲೆ 7.3 ಸೆಂಟಿಮೀಟರ್. ಶಕ್ತಿ 0.1 ಇದ್ದದ್ದು 0.081, ಆಮೇಲೆ 0.066, ಆಮೇಲೆ 0.053 ಜೂಲ್. ಕಣ್ಣಿಗೆ ಕಾಣುವುದು ಶೇಕಡಾ 10ರ ಕುಗ್ಗು, ಆದರೆ ಶಕ್ತಿಯ ಖರ್ಚು ಪ್ರತಿ ಆಟಕ್ಕೂ ಶೇಕಡಾ 19. ಏಳು ಆಟಗಳಾಗುವಷ್ಟರಲ್ಲಿ ಪಾರ ಅರ್ಧಕ್ಕಿಂತ ಕಡಿಮೆ, ಶಕ್ತಿ ಕಾಲು ಭಾಗಕ್ಕಿಂತ ಕಡಿಮೆ. ಇಷ್ಟಾದರೂ ಒಂದು ಆಟಕ್ಕೆ ಹಿಡಿಯುವ ಸಮಯ ಮಾತ್ರ ಹೆಚ್ಚುಕಡಿಮೆ ಅದೇ 1 ಸೆಕೆಂಡ್.

ಸೋರಿದ ಶಕ್ತಿ ಎಲ್ಲಿಗೆ ಹೋಯಿತು? ಶಾಖವಾಯಿತು. ಗಾಳಿಯ ಮತ್ತು ಲೋಹದ ಕಣಗಳು ಮೊದಲಿಗಿಂತ ಸ್ವಲ್ಪ ಹೆಚ್ಚು ಅಲುಗಾಡತೊಡಗಿದವು. ಓದುಗರೇ, ಈಗ ಮೈಕ್ರೋಗ್ರಾಫಿಯಾದ ಮಾತನ್ನು ನೆನಪಿಸಿಕೊಳ್ಳಿ. ಶಾಖವೆಂದರೆ ಕಣಗಳ ಅಲುಗಾಟ ಎಂದು ಹುಕ್ 1665ರಲ್ಲಿ ಹೇಳಿದ್ದ. ಸ್ಪ್ರಿಂಗಿನಲ್ಲಿ ಜಮೆಯಾಗುವ ಮೊತ್ತವನ್ನು 1678ರಲ್ಲಿ ಲೆಕ್ಕ ಹಾಕಿದ್ದ. ಜಮೆ ಮತ್ತು ಖರ್ಚು ಎರಡೂ ಪುಟಗಳು ಅವನ ಕೈಯಲ್ಲೇ ಇದ್ದವು. ಎರಡನ್ನೂ ಸೇರಿಸಿ ಹೊಲಿಯುವ ಕೆಲಸವಷ್ಟೇ ಉಳಿದಿತ್ತು. ಅದು 1840ರ ದಶಕದವರೆಗೆ ಕಾಯಬೇಕಾಯಿತು. ಜೇಮ್ಸ್ ಜೂಲ್ ಎಂಬಾತ ಬೀಳುವ ತೂಕದಿಂದ ನೀರಿನೊಳಗೆ ಹುಟ್ಟು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದು, ಚಲನೆ ಮತ್ತು ಶಾಖದ ಲೆಕ್ಕ ತಾಳೆಯಾಗುವುದನ್ನು ತೋರಿಸಿದ.

ಇದರ ಉಪಯೋಗ

ಗಡಿಯಾರದ ತೂಗುಚಕ್ರಕ್ಕೂ ಅವಮಂದನ ತಪ್ಪಿದ್ದಲ್ಲ. ಆದ್ದರಿಂದ ಅದರಲ್ಲಿ ಎರಡು ಸ್ಪ್ರಿಂಗುಗಳಿರುತ್ತವೆ. ಸಣ್ಣದು ಸಮಯ ಹಿಡಿಯುತ್ತದೆ. ನಾವು ಕೀಲಿ ಕೊಡುವ ದೊಡ್ಡದು, ಪ್ರತಿ ಆಟದಲ್ಲಿ ಸೋರಿದಷ್ಟು ಶಕ್ತಿಯನ್ನು ಸಣ್ಣ ತಳ್ಳುವಿಕೆಯಾಗಿ ಮರಳಿ ತುಂಬುತ್ತದೆ. ಕೀಲಿ ಕೊಡುವುದನ್ನು ಮರೆತರೆ ಎಂಥ ಗಡಿಯಾರವೂ ನಿಲ್ಲುತ್ತದೆ. ಈ ತತ್ವದ ಮೇಲೆ ಜಾನ್ ಹ್ಯಾರಿಸನ್ ಮಾಡಿದ ಗಡಿಯಾರ 1761ರಲ್ಲಿ ಜಮೈಕಾಕ್ಕೆ ಹಡಗಿನಲ್ಲಿ ಹೊರಟಿತು. ಎರಡು ತಿಂಗಳಿಗೂ ಹೆಚ್ಚಿನ ಆ ಪ್ರಯಾಣದಲ್ಲಿ ಅದು ತಪ್ಪಿದ್ದು ಸುಮಾರು 5 ಸೆಕೆಂಡ್ ಮಾತ್ರ. ಹುಕ್ ಕನಸು ಕಂಡು ನೂರು ವರ್ಷಗಳಾಗಿದ್ದವು.

ಕೆಲವೆಡೆ ಅವಮಂದನವೇ ನಮಗೆ ಬೇಕು. ಮೋಟಾರ್ ಸೈಕಲ್ ಗುಂಡಿಗೆ ಇಳಿದಾಗ ಸ್ಪ್ರಿಂಗ್ ಅದುಮಿಕೊಂಡು ಹೊಡೆತವನ್ನು ಹೀರುತ್ತದೆ. ಸ್ಪ್ರಿಂಗ್ ಒಂದೇ ಇದ್ದರೆ ಗಾಡಿ ಬಹಳ ದೂರ ಕುಣಿಯುತ್ತಲೇ ಹೋಗುತ್ತಿತ್ತು, ಚಕ್ರ ರಸ್ತೆಯ ಹಿಡಿತ ಬಿಡುತ್ತಿತ್ತು. ಶಾಕ್ ಅಬ್ಸಾರ್ಬರಿನೊಳಗಿನ ಎಣ್ಣೆ ಕಿರಿದಾದ ರಂಧ್ರಗಳಲ್ಲಿ ನುಗ್ಗಿ ಆ ಶಕ್ತಿಯನ್ನು ಶಾಖವಾಗಿಸುತ್ತದೆ. ಎಣ್ಣೆ ಸೋರಿಹೋದ ಗಾಡಿ ಹೇಗೆ ಕುಣಿಯುತ್ತದೆಂದು ನಿಮಗೆ ಗೊತ್ತು. ಕಚೇರಿಯ ಬಾಗಿಲು ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುವುದೂ ಹೀಗೆಯೇ.

ಕೊನೆಯ ದಿನಗಳು

ಹುಕ್‌ನ ಕೊನೆಯ ವರ್ಷಗಳು ಸುಖದ್ದಾಗಿರಲಿಲ್ಲ. ಸರ್ ಜಾನ್ ಕಟ್ಲರ್ ಎಂಬ ಧನಿಕ ಅವನ ಉಪನ್ಯಾಸಗಳಿಗೆ ವರ್ಷಕ್ಕೆ 50 ಪೌಂಡ್ ಕೊಡುವುದಾಗಿ 1664ರಲ್ಲಿ ಮಾತುಕೊಟ್ಟಿದ್ದ. ಸ್ಪ್ರಿಂಗಿನ ಉಪನ್ಯಾಸವೂ ಅವುಗಳಲ್ಲೊಂದು. ಹಣ ಸರಿಯಾಗಿ ಬರಲಿಲ್ಲ. ನ್ಯಾಯಾಲಯದಲ್ಲಿ ಅವನ ಪರವಾಗಿ ತೀರ್ಪಾದದ್ದು 1696ರಲ್ಲಿ. ಗುರುತ್ವಾಕರ್ಷಣೆಯ ವಿಷಯದಲ್ಲಿ ಐಸಾಕ್ ನ್ಯೂಟನ್‌ಗೂ ಅವನಿಗೂ ದೊಡ್ಡ ಜಗಳವಾಯಿತು. ಅಲ್ಲಿಯೂ ಹುಕ್‌ಗೆ ಹೊಳೆದದ್ದು ಅಪೂರ್ಣವಾಗಿತ್ತು. ಗಣಿತದಿಂದ ಅದನ್ನು ಪೂರ್ಣವಾಗಿ ಸಾಧಿಸಿ 1687ರಲ್ಲಿ ಪ್ರಕಟಿಸಿದವನು ನ್ಯೂಟನ್. ಅದೇ ವರ್ಷ, ಹುಕ್‌ನ ಮನೆಯಲ್ಲೇ ಇದ್ದ ಅವನ ಅಣ್ಣನ ಮಗಳು ಗ್ರೇಸ್ ತೀರಿಕೊಂಡಳು. ಮದುವೆಯಾಗದ ಹುಕ್ ಅಲ್ಲಿಂದ ಮುಂದೆ ಒಂಟಿಯಾದ. 1703ರ ಮಾರ್ಚ್ 3ರಂದು ಅವನು ತೀರಿಕೊಂಡ. ಕೋಣೆಯ ಪೆಟ್ಟಿಗೆಯಲ್ಲಿ ಸಾವಿರಾರು ಪೌಂಡ್ ಹಣ ಸಿಕ್ಕಿತು. ಅದನ್ನೂ ಅವನು ಯಾವ ಉಪಯೋಗಕ್ಕೂ ತರದೆ ಮುಚ್ಚಿಟ್ಟಿದ್ದ. ಆ ವರ್ಷವೇ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಹುಕ್‌ನದೆಂದು ಎಲ್ಲರೂ ಒಪ್ಪುವ ಒಂದು ಭಾವಚಿತ್ರವೂ ಇಂದು ಉಳಿದಿಲ್ಲ.

ಬಲದ ಮಾನಕ್ಕೆ ನ್ಯೂಟನ್‌ನ ಹೆಸರಿದೆ, ಶಕ್ತಿಯ ಮಾನಕ್ಕೆ ಜೂಲ್‌ನ ಹೆಸರಿದೆ. ಹುಕ್‌ನ ಹೆಸರಿನ ಮಾನವಿಲ್ಲ. ಅವನ ನಿಯಮದಲ್ಲಿ ಬರುವ ಸ್ಪ್ರಿಂಗ್ ಸ್ಥಿರಾಂಕವನ್ನು ಬರೆಯುವಾಗಲೂ ನಾವು ಒಂದು ಮೀಟರಿಗೆ ಇಷ್ಟು ನ್ಯೂಟನ್ ಎಂದೇ ಬರೆಯುತ್ತೇವೆ.

2006ರಲ್ಲಿ ಇಂಗ್ಲೆಂಡಿನ ಒಂದು ಮನೆಯ ಬೀರುವಿನಲ್ಲಿ ಹುಕ್‌ನ ಕೈಬರಹದ ಕಾಗದಗಳ ದೊಡ್ಡ ಕಟ್ಟು ಸಿಕ್ಕಿತು. ಸೊಸೈಟಿಯ ಸಭೆಗಳ ಟಿಪ್ಪಣಿಗಳಿದ್ದ ಅದನ್ನು ರಾಯಲ್ ಸೊಸೈಟಿಗಾಗಿ ಸುಮಾರು 10 ಲಕ್ಷ ಪೌಂಡಿಗೆ ಕೊಂಡುಕೊಳ್ಳಲಾಯಿತು. 1670ರಲ್ಲೇ ಹುಕ್‌ನ ಸ್ಪ್ರಿಂಗ್ ಗಡಿಯಾರದ ಪ್ರಸ್ತಾಪ ಬಂದಿತ್ತೆಂಬುದು ಆ ಕಾಗದಗಳಿಂದ ತಿಳಿಯಿತು. ಮೂರು ಶತಮಾನ ಕಳೆದ ಮೇಲೆ ಬಂದ ಸಾಕ್ಷಿ ಅದು!

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಅನೇಕರಿಗೆ ತರಗತಿಯಲ್ಲಿ ಉತ್ತರ ಹೊಳೆದಿರುತ್ತದೆ, ಆದರೆ ಕೈ ಎತ್ತುವುದಿಲ್ಲ. ಲೆಕ್ಕ ಅರ್ಧ ಬಂದಿರುತ್ತದೆ, ಆದರೆ ಪುಟ ಮಗುಚುತ್ತೀರಿ. ಕಲಿತದ್ದನ್ನು ಪಕ್ಕದವನಿಗೆ ಹೇಳಿಕೊಟ್ಟರೆ ಅವನು ಮುಂದೆ ಹೋಗಿಬಿಟ್ಟಾನೆಂದು ಅಂಜುತ್ತೀರಿ. ಹುಕ್‌ನಂಥ ಪ್ರತಿಭಾವಂತನೂ ಇದೇ ಕಾರಣಕ್ಕೆ ಎಷ್ಟು ಕಳೆದುಕೊಂಡನೆಂದು ನೋಡಿದಿರಿ. ಈ ವಾರ ಒಂದು ಸ್ಪ್ರಿಂಗ್, ಒಂದು ಅಳತೆಪಟ್ಟಿ, ನಾಲ್ಕು ತೂಕದ ಕಲ್ಲು ತೆಗೆದುಕೊಂಡು ಹಿಗ್ಗನ್ನು ಅಳೆಯಿರಿ. ಆಟಗಳನ್ನು ಎಣಿಸಿ, ಪಾರ ಎಷ್ಟೆಷ್ಟು ಕುಗ್ಗಿತೆಂದು ಬರೆದುಕೊಳ್ಳಿ. ಬರೆದ ಹಾಳೆಯನ್ನು ಪುಸ್ತಕದೊಳಗೆ ಮಡಿಚಿಡದೆ ನಿಮ್ಮ ಶಿಕ್ಷಕರಿಗೆ, ಗೆಳೆಯರಿಗೆ ತೋರಿಸಿ.